ಗಿಟಾರಿನಲ್ಲಿ ಸೇರಿಕೊಂಡ ಸದ್ದು

ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಿಂದ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇನೆ ಎಂದಾಗ ನನ್ನ ಹೆಂಡತಿ ನಕ್ಕುಬಿಟ್ಟಿದ್ದಳು. ಪೀಣ್ಯದಲ್ಲಿ ತಗಡು ಒತ್ತುವ ಕಾರ್ಖಾನೆಯೊಂದರಲ್ಲಿ ನಾನು ಎಲೆಕ್ಟ್ರಿಷಿಯನ್. ಹೊಸ ಪ್ರೆಸ್ ಮಷಿನ್ ಬಂದಿದ್ದ ಪೆಟ್ಟಿಗೆ ಗೋಡೌನಿನ ಹಿಂದೆ ಬಿದ್ದಿತ್ತು, ಕೇಳಿ ತಂದೆ. ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಯಾರದೋ ಗಿಟಾರ್ ಎರವಲು ಪಡೆದು ನುಡಿಸಿ ನುಡಿಸಿ ಬೇಸತ್ತಿದ್ದೆ. ಮರಗೆಲಸ ಅಷ್ಟಕ್ಕಷ್ಟೇ ಆಯಿತು, ಬಣ್ಣವೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ಜಂಬವೆಲ್ಲ ವೈರಿಂಗಿನ ಮೇಲಿತ್ತು.

ಇಂಥ ಗಿಟಾರಿಗೆ ಪಿಕಪ್ ಎಂಬುದೊಂದಿರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿದ ಸುರುಳಿ, ಅಷ್ಟೇ. ಮೇಲೆ ಗಿಟಾರಿನ ತಂತಿ ಮಿಡಿದರೆ ಕೆಳಗೆ ಸುರುಳಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ, ಅದೇ ಸ್ಪೀಕರಿನಲ್ಲಿ ಸ್ವರವಾಗುತ್ತದೆ. ಆದರೆ ಸುರುಳಿಗೆ ತನ್ನದು ಪರರದು ಎಂಬ ಭೇದವಿಲ್ಲ. ಗೋಡೆಯೊಳಗಿನ ವೈರುಗಳಲ್ಲಿ ಹರಿಯುವ ಕರೆಂಟನ್ನೂ ಕೇಳಿಸಿಕೊಂಡು ಗುಂಯ್ ಎನ್ನುತ್ತದೆ. ಮೊದಲ ಸಲ ಸ್ವಿಚ್ ಹಾಕಿದಾಗ ಮನೆ ತುಂಬ ಗುಂಯ್.

"ಗಿಟಾರ್ ಮಾಡಿದ್ರೋ, ಜೇನು ಸಾಕಿದ್ರೋ?" ಎಂದಳು ನನ್ನ ಹೆಂಡತಿ.

ಅಡುಗೆಗೆ ಉಪ್ಪಿಲ್ಲ ಎಂದರೆ ಅಡುಗೆಯವನಿಗೆ ಹೇಗಾಗುತ್ತದೋ ನನಗೆ ಹಾಗಾಯಿತು. ಹಟ ಹಿಡಿದು ಕೂತೆ. ಇನ್ನೊಂದು ಸುರುಳಿಯನ್ನು ಉಲ್ಟಾ ಸುತ್ತಿದೆ, ಅದರ ಅಯಸ್ಕಾಂತವನ್ನೂ ತಲೆಕೆಳಗು ಮಾಡಿದೆ, ಎರಡನ್ನೂ ಜೋಡಿಸಿದೆ. ಹೀಗೆ ಮಾಡಿದರೆ ಗಿಟಾರಿನ ಸ್ವರಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಗೋಡೆಯ ಗುಂಯ್ ಮಾತ್ರ ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆಯವರು ಸಮಸಮ ಎಳೆದ ಹಾಗೆ ಅಲ್ಲೇ ಸತ್ತುಹೋಗುತ್ತದೆ. ಸುರುಳಿ ಕೂರುವ ಗುಳಿಯ ಒಳಗೆ ತಾಮ್ರದ ಹಾಳೆ ಅಂಟಿಸಿ ಅರ್ಥಿಂಗ್ ಕೊಟ್ಟೆ. ನನಗೆ ಬೇಕಾಗಿದ್ದು ಇಷ್ಟೇ: ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವ ನಡುವೆ ಪೂರ್ತಿ ನಿಶ್ಶಬ್ದ. ದಿನವಿಡೀ ಪ್ರೆಸ್ಸುಗಳ ಧಡ್ ಧಡ್ ಕೇಳುವವನಿಗೆ ಅಷ್ಟಾದರೂ ಬೇಡವೇ?

ಗುಂಯ್ ಹೋಯಿತು. ಅದು ಹೋದ ಮೇಲೆ, ಅದರ ಅಡಿಯಲ್ಲಿ ಇನ್ನೊಂದು ಸದ್ದು ಇರುವುದು ಗೊತ್ತಾಯಿತು. ತೀರಾ ಸಣ್ಣದು, ಕೀ ಎಂದು ಎಳೆದಂತೆ, ಉಸಿರು ತೆಗೆದುಕೊಳ್ಳಲೂ ನಿಲ್ಲದ್ದು.

ಎಲ್‌ಇಡಿ ಬಲ್ಬಿನದಿರಬೇಕು ಎಂದು ಬಲ್ಬ್ ಬಿಚ್ಚಿದೆ. ಮೊಬೈಲ್ ಚಾರ್ಜರ್ ಕಿತ್ತೆ, ಫ್ರಿಜ್ ಆರಿಸಿದೆ, ಪಕ್ಕದ ಮನೆಯವರಿಗೆ ಇನ್ವರ್ಟರ್ ಆಫ್ ಮಾಡಿ ಎಂದು ಗೋಗರೆದೆ. ಸುರುಳಿ ಬಿಚ್ಚಿ ಮತ್ತೆ ಸುತ್ತಿದೆ, ಸುತ್ತಿ ಮತ್ತೆ ಬಿಚ್ಚಿದೆ. ಪ್ರತಿ ಭಾನುವಾರ ಇದೇ ಕೆಲಸ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಗಿಟಾರ್ ನುಡ್ಸೋದು ಯಾವಾಗ?" ಎಂದು ಇವಳು ಕೆಣಕುತ್ತಿದ್ದಳು. ನಾನು ನಗುತ್ತಿರಲಿಲ್ಲ. ಆ ಸದ್ದು ನಾನು ಸೋಫಾದಲ್ಲಿ ಕೂತರೆ ಹಿಂದೆ ಇರುತ್ತಿತ್ತು, ಹಿತ್ತಲಿಗೆ ಹೋದರೆ ಅಲ್ಲೂ ಬರುತ್ತಿತ್ತು. ಯಾರೋ ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ತಿರುಗಿ ನೋಡುವುದು ಅಭ್ಯಾಸವಾಯಿತು. ಹೆದರಿಕೆಯಾಗುತ್ತಿತ್ತು, ಹೇಳಿಕೊಳ್ಳಲು ನಾಚಿಕೆ.

ಕೆಳಗಿನ ಮನೆಯಲ್ಲಿರುವ ಓನರ್ ಅಜ್ಜಿ ಈ ಊರಿನಲ್ಲೇ ಹುಟ್ಟಿದವಳು, ಇಲ್ಲೆಲ್ಲ ರಾಗಿ ಹೊಲ ಇದ್ದ ಕಾಲ ಕಂಡವಳು. ಅವಳ ಮೀಟರ್ ಬೋರ್ಡನ್ನೂ ಪರೀಕ್ಷೆ ಮಾಡಲು ಹೋದಾಗ ಕಾರಣ ಕೇಳಿದಳು. ಹೇಳಿದೆ.

"ಈ ಮನೆ ಕಟ್ಟಾಕ್ ಮುಂಚೆ ಇಲ್ಲಿ ಬಾವಿ ಇತ್ತು ಕಣಪ್ಪ. ಮಣ್ಣಾಕಿ ಮುಚ್ಚುದ್ರು. ನೀರಿರೋ ಬಾವೀನ ಅಂಗೆಲ್ಲಾ ಮುಚ್ಬಾರ್ದು. ಅದು ಸುಮ್ಕಿರಾಕಿಲ್ಲ," ಎಂದಳು.

ಮೇಲೆ ಬಂದು ಇದನ್ನು ನಗುತ್ತಲೇ ಹೇಳಿದೆ. ಸಂಜೆ ನನ್ನ ಹೆಂಡತಿ ಮನೆಯ ಮೂಲೆ ಮೂಲೆಗೂ ಧೂಪ ಹಿಡಿದಳು, ಗಿಟಾರಿಗೂ ಒಂದು ಸುತ್ತು ತೋರಿಸಿದಳು. ಸಂಕಟ ಬಂದಾಗ ವೆಂಕಟರಮಣ. ನಾನು ಬೇಡ ಎನ್ನಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಇಡೀ ಏರಿಯಾದಲ್ಲಿ ಕರೆಂಟ್ ಹೋಯಿತು. ಬೀದಿಯ ಗಿರಣಿ ನಿಂತಿತು, ಪಕ್ಕದ ಮನೆಯ ಟಿವಿ ನಿಂತಿತು, ಗಿಟಾರ್ ಮಡಿಲಲ್ಲಿ ಸುಮ್ಮನೆ ಮರದ ತುಂಡಾಯಿತು. ಆ ಮೌನದಲ್ಲಿ ಸದ್ದು ಹಾಗೇ ಇತ್ತು. ಇನ್ನೂ ಜೋರಾಗಿಯೇ ಇತ್ತು.

"ಕೇಳಿಸ್ತಾ?" ಎಂದೆ, ಬಟ್ಟೆ ಮಡಿಸುತ್ತಿದ್ದವಳಿಗೆ.

"ಏನು?"

"ಅದೇ ಕಣೇ, ಕೀ ಅಂತ."

ಅವಳು ಕತ್ತು ವಾರೆ ಮಾಡಿ ಆಲಿಸಿದಳು. "ಕರೆಂಟೇ ಇಲ್ವಲ್ರೀ," ಎಂದಳು. ಅವಳ ಮುಖದಲ್ಲಿ ಈಗ ತಮಾಷೆ ಇರಲಿಲ್ಲ.

ಮರುದಿನ ಪ್ರೆಸ್ ಶಾಪಿನ ಹಿರಿಯ ಆಪರೇಟರ್ ಒಬ್ಬರನ್ನು ಟೀ ಹೊತ್ತಿನಲ್ಲಿ ಮೆಲ್ಲಗೆ ಈ ಸದ್ದಿನ ಬಗ್ಗೆ ಕೇಳಿದೆ. ನಮ್ಮಲ್ಲಿ ಒಂದು ಹಳೆಯ ತಮಾಷೆಯಿತ್ತು: ಪ್ರೆಸ್ ಶಾಪಿನವರು ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಫುಲ್ ಇಟ್ಟು, ರಗ್ಗು ಹೊದ್ದು ಮಲಗುತ್ತಾರೆ ಎಂದು. ಮೈಯಲ್ಲಿ ಕೊಬ್ಬು ಜಾಸ್ತಿ ಎಂದು ನಾನೂ ಆಡಿಕೊಂಡಿದ್ದೆ. ಅವರು ಟೀ ಮುಗಿಸಿ ಲೋಟ ಕೆಳಗಿಟ್ಟರು. "ಓ, ನಿಂಗೂ ಬಂತಾ? ಕಿವೀದು ಗುರು ಅದು. ಈ ಪ್ರೆಸ್ ಸದ್ದಿಗೆ ಬರೋದು, ನಮ್ಗೆಲ್ಲಾ ಇದೆ. ಫ್ಯಾನ್ ಹಾಕ್ಕೋ, ಫ್ಯಾನ್ ಸದ್ದಲ್ಲಿ ಮುಚ್ಚೋಗುತ್ತೆ," ಎಂದರು. ಅಷ್ಟು ಹೇಳಿ ಕಿವಿಗೆ ಹತ್ತಿ ತುರುಕಿಕೊಂಡು ಮಷಿನಿಗೆ ಹೋದರು. ಡಾಕ್ಟರೂ ಅದನ್ನೇ ಇನ್ನಷ್ಟು ಮರ್ಯಾದೆಯ ಮಾತಿನಲ್ಲಿ ಹೇಳಿದರು. ಹೋಗುವಂಥದ್ದಲ್ಲ, ಒಗ್ಗಿಕೊಳ್ಳಬೇಕು ಎಂದರು.

ಬಾವಿಯ ದೆವ್ವವೇ ಆಗಿದ್ದರೆ ಮನೆ ಬದಲಾಯಿಸಬಹುದಿತ್ತು. ಇದು ನನ್ನ ಜೊತೆ ಬಸ್ಸು ಹತ್ತುತ್ತದೆ. ಪ್ರೆಸ್ಸುಗಳ ನಡುವೆ ನಿಂತಾಗ ಮಾತ್ರ ಕೇಳಿಸುವುದಿಲ್ಲ. ಇದನ್ನು ಹಚ್ಚಿದ ಜಾಗದಲ್ಲೇ ನನಗೆ ನೆಮ್ಮದಿ ಎಂಬುದು ತಿಳಿದ ದಿನ ಬಹಳ ಅಳು ಬಂತು, ಕಾರ್ಖಾನೆಯ ಪಾಯಿಖಾನೆಯಲ್ಲಿ ನಿಂತು ಅತ್ತೆ.

ನನ್ನ ಹೆಂಡತಿಗೆ ವಿಷಯ ಹೇಳಿದೆ. ಅವಳಿಗೆ ಸಮಾಧಾನವೇ ಆದಂತಿತ್ತು, ದೆವ್ವವಲ್ಲವಲ್ಲ ಎಂದು. ಆದರೆ ಆಗಾಗ ಕೇಳುತ್ತಿದ್ದಳು: "ಹೆಂಗಿರುತ್ತೆ ರೀ ಅದು? ಜೀರುಂಡೆ ಥರಾನಾ? ಕುಕ್ಕರ್ ಥರಾನಾ?" ಎಷ್ಟು ಹೇಳಿದರೂ ಮಾತಿಗೆ ಸಿಗುತ್ತಿರಲಿಲ್ಲ.

ಒಂದು ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡೆ. ಬಿಚ್ಚಿ ಸುತ್ತುವುದು ಮುಗಿಯದೇ ಇದ್ದದ್ದರಿಂದ ಸುರುಳಿಯ ಸುತ್ತುಗಳನ್ನು ಅಲುಗದಂತೆ ಹಿಡಿದಿಡುವ ಮೇಣವನ್ನು ಇನ್ನೂ ಕುಡಿಸಿರಲಿಲ್ಲ. ಮೇಣವಿಲ್ಲದ ಸುರುಳಿಯನ್ನು ಸ್ಪೀಕರಿನ ಹತ್ತಿರ ಹಿಡಿದರೆ ಕಿರುಚುತ್ತದೆ. ಕಿರುಚದ ಹಾಗೆ ಮಾಡುವುದೇ ವೈರಿಂಗ್ ಮಾಡುವವನ ಜಾಣತನ. ನಾನು ಬೇಕೆಂದೇ ಕಿರುಚಿಸಿದೆ. ವಾಲ್ಯೂಮಿನ ಗುಬುಟು ತಿರುಗಿಸುತ್ತ, ಗಿಟಾರನ್ನು ಚೂರು ಹಿಂದೆ ಚೂರು ಮುಂದೆ ಸರಿಸುತ್ತ, ಸ್ಪೀಕರಿನ ಕಿರುಚು ನನ್ನ ಕಿವಿಯ ಕಿರುಚಿನೊಳಗೆ ಸೇರಿ ಎರಡೂ ಒಂದೇ ಆಗುವ ತನಕ ಹುಡುಕಿದೆ.

"ಇದು," ಎಂದೆ.

ಅವಳು ಕೈಕಟ್ಟಿ ಕೇಳಿದಳು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು, ಹಲ್ಲು ಕಚ್ಚಿದಳು. "ಸಾಕು, ಸಾಕು ನಿಲ್ಸ್ರೀ!"

ಸ್ವಿಚ್ ಆರಿಸಿದೆ. ಅವಳು ಉಸ್ಸೆಂದು ಉಸಿರು ಬಿಟ್ಟಳು. ಆಮೇಲೆ ನನ್ನ ಮುಖ ನೋಡಿದಳು. ನನಗೆ ನಿಂತಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

ಎದ್ದು ಬಂದು, ತನ್ನ ಎರಡೂ ಅಂಗೈಗಳಿಂದ ನನ್ನ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿ ನಿಂತಳು. ಮುಚ್ಚಿದರೆ ಅದು ಇನ್ನೂ ಜೋರಾಗುತ್ತದೆ. ನಾನು ಹೇಳಲಿಲ್ಲ.