ಎದುರು ಮನಿಗಿಂತ ಒಂದು ಗೇಣು ಎತ್ತರ

ಹೋದ ತಿಂಗಳು ನನ್ನ ಸೊಸಿ ರೇಣುಕಾ ಸ್ಕೂಟರ್ ಮ್ಯಾಲೆ ಕುಂತು ನಮ್ಮ ಮನಿ ಮುಂದಿನ ರ‍್ಯಾಂಪು ಏರಾಕ ಹೋದಾಕಿ ಅರ್ಧಕ್ಕ ನಿಂತು, ಹಂಗ ಹಿಂದಕ್ಕ ಉರುಳಿ, ಎದುರು ಮನಿ ಬಸಣ್ಣನ ಗೇಟಿಗೆ ಡಬ್ ಅಂತ ಬಡದ್ಳು.

ಗಾಬರಿ ಬ್ಯಾಡ. ಯಾರಿಗೂ ಏನೂ ಆಗಿಲ್ಲ. ಗೇಟಿಗೆ ಒಂದು ತಗ್ಗು ಬಿದ್ದೈತಿ, ಅಷ್ಟೆ. (ಅದು ಮೊದಲೇ ಇತ್ತು ಅಂತ ನಾನು. ಇರಲಿಲ್ಲ ಅಂತ ಬಸಣ್ಣ.)

ತಪ್ಪು ಸೊಸೀದಲ್ಲ. ಸ್ಕೂಟರ್‌ದೂ ಅಲ್ಲ. ಮತ್ತ ಯಾರದು? ಕೇಳ್ರಿ.

ಮಸ್ಕಿಯಾಗ ನಮ್ಮ ಓಣಿಗೆ ಹಳೇ ನೀರಿನ ಪೈಪ್ ತಗದು ಹೊಸಾವು ಹಾಕಿದ್ರು. ಹಳೇವು ತುಕ್ಕು ಹಿಡದಿದ್ವು. ನಳ ತಿರುವಿದ್ರ ನೀರಿಗಿಂತ ಸಪ್ಪಳನೇ ಜಾಸ್ತಿ. ಹೊಸಾವು ಬೇಕೇ ಬೇಕಿತ್ತು, ಇಲ್ಲ ಅನ್ನಂಗಿಲ್ಲ. ಆದ್ರ ಜೆಸಿಬಿಗೆ ಕಣ್ಣಿರತಾವೇನು? ಎಲ್ಲಾರ ಮನಿ ಮುಂದಿನ ಪರ್ಸಿ ಕಲ್ಲು, ಸಿಮೆಂಟು ಎಲ್ಲಾ ಕಿತ್ತು ಗುಡ್ಡಿ ಹಾಕಿತು. ನಮ್ಮ ಬಾಗಿಲ ಮುಂದಿನ ರ‍್ಯಾಂಪೂ ಹೋತು.

ರ‍್ಯಾಂಪು ನಮಗ ಷೋಕಿ ಅಲ್ಲ. ರೇಣುಕಾಗ ಒಂದು ಕಾಲು ಸಣ್ಣದು. ಬಾಯಿ ಮಾತ್ರ ದೊಡ್ಡದು. ಇಲ್ಲೇ ಊರಾಗ ಒಂದು ಆಫೀಸಿನ್ಯಾಗ ನೌಕರಿ ಮಾಡ್ತಾಳ. ಹಿಂದ ಎರಡು ಗಾಲಿ ಜೋಡಿಸಿದ ಸ್ಕೂಟರ್ ಐತಿ ಆಕೀದು. ಅದರ ಮ್ಯಾಲೇ ಸೀದಾ ಬಾಗಿಲ ತನಕ ಬಂದು ಇಳಿತಾಳ. ಯಾರೂ ಕೈ ಹಿಡೀಬಾರದು. ಯಾರೂ ಅಯ್ಯೋ ಪಾಪ ಅನಬಾರದು.

ಓಣಿ ಅಗದ ಮ್ಯಾಲೆ ಸ್ಕೂಟರ್ ಅದರ ತುದಿಗೆ, ಹಿಟ್ಟಿನ ಗಿರಣಿ ಮುಂದ ಬಿಟ್ಟು ಬರಬೇಕಾತು. ಅಲ್ಲಿಂದ ಕೋಲು ಊರಿ, ಮಣ್ಣಿನ ದಿಬ್ಬ ಹತ್ತಿ ಇಳದು ಬರಾಕಿ. ಬಸಣ್ಣ ಒಂದಿನ ನೋಡಲಾರದ, "ನಿಲ್ಲವಾ ತಂಗಿ, ನಾಕು ಮಂದಿ ಸೇರಿ ಎತ್ತಿ ದಾಟಿಸ್ತೀವಿ" ಅಂದ.

"ನಾಕು ಮಂದಿ ಎತ್ತೋದು ಯಾವಾಗಂತ ನಂಗ ಗೊತ್ತೈತಣ್ಣಾ. ಅದಕ್ಕಿನ್ನಾ ಟೈಮೈತಿ" ಅಂದ್ಳು.

ಪೈಪ್ ಹೂತ ಮ್ಯಾಲೆ ಮನಿ ಮುಂದಿನ ರಿಪೇರಿಗೆ ಗುತ್ತೇದಾರನ ಕಡಿಂದ ಗೌಂಡಿ ಮೌಲಾಸಾಬ್ ಬಂದ. ನಮ್ಮೂರಾಗ ಒಂದು ರೋಗ ಐತಿ. (ನಿಮ್ಮ ಸಿಂಧನೂರು, ಲಿಂಗಸುಗೂರಾಗೂ ಇರಬೇಕು, ನೋಡಿಕೊಳ್ರಿ.) ಯಾರು ಮನಿ ಮುಂದ ಸಿಮೆಂಟ್ ಹಾಕಿಸಿದ್ರೂ ಎದುರು ಮನಿಗಿಂತ ಒಂದು ಗೇಣು ಎತ್ತರ ಹಾಕಿಸ್ತಾರ. ಮಳಿ ನೀರು ಅವರ ಕಡೆ ಹೋಗಲಿ ಅಂತ. ಮುಂದ ಅವರು ಎರಡು ಗೇಣು ಏರಿಸ್ತಾರ. ಹಿಂಗ ಏರಿಸಿ ಏರಿಸಿ ರಸ್ತೆ ಹಳ್ಳ ಆಗೈತಿ, ಮನಿಗಳು ಗುಡ್ಡ ಹತ್ತಿ ಕುಂತಾವ.

ಬಸಣ್ಣ ಮುಂಚೇನೇ ತನ್ನದು ಎತ್ತರ ಮಾಡಿಸ್ಕೊಂಡಿದ್ದ. ಮೌಲಾಸಾಬ್ ನನ್ನ ಹತ್ರ ಬಂದು ಸಣ್ಣ ದನಿಯಾಗ, "ಆಯಿ, ನೀವು ಪೇಪರ್‌ನ್ಯಾಗ ಬರಿಯೋರು. ನಿಮ್ಮದು ಅವರಿಗಿಂತ ಕೆಳಗ ಇದ್ರ ಹೆಂಗ? ಫಿಕರ್ ಬಿಡ್ರಿ, ಓಣಿಗೇ ಎತ್ತರ ಮಾಡಿ ಕೊಡ್ತೀನಿ" ಅಂದ.

ಬ್ಯಾಡ ಅನಬೇಕಿತ್ತೋ ಇಲ್ಲೋ? ಅನಲಿಲ್ಲ. ಚಾ ಮಾಡಿ ಕೊಟ್ಟೆ. (ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಕಿಗೆ ಇಂಥಾ ಮರ್ಯಾದಿ ದಿನಾ ಸಿಗತೈತೇನು?)

ಗೋಣಿಚೀಲ ಹಾಸಿ, ಹೊಸ ನಳದ ನೀರು ಹೊಡದು ಹೊಡದು ಸಿಮೆಂಟ್ ಗಟ್ಟಿ ಮಾಡಿದೆ. ಸಂಜಿ ಅಲ್ಲೇ ಕುಂತು ಬಸಣ್ಣನ ಅಂಗಳ ಕೆಳಗ ನೋಡೋದೇ ಒಂದು ಸುಖ ಆತು.

ಆಮ್ಯಾಲೆ ರೇಣುಕಾ ಸ್ಕೂಟರ್ ತಂದ್ಳು. ಗೇಟಿಗೆ ಬಡದ್ಳು. ಅದನ್ನ ಹೇಳಿದ್ನಲ್ಲ.

ಸ್ಕೂಟರ್ ಮ್ಯಾಲೆ ಕುಂತೇ ನನ್ನ ನೋಡಿದ್ಳು. "ಅತ್ತೀ, ಇದು ಮನಿಗೆ ಬರೋ ದಾರಿನೋ, ಗುಡ್ಡದ ಗುಡಿಗೆ ಹೋಗೋ ದಾರಿನೋ?"

"ಮಳಿ ನೀರು ಬರಬಾರದಂತ..."

"ನೀರು ಬರಂಗಿಲ್ಲ ಬಿಡ್ರಿ. ನಾನೂ ಬರಂಗಿಲ್ಲ. ಗಾಡಿ ಗಿರಣಿ ಮುಂದ ಇರಲಿ." ಸ್ಕೂಟರ್ ತಿರುಗಿಸಿಕೊಂಡು ಹೋದ್ಳು. ಕೋಲು ಊರಿ ನಡಕೊಂತ ಬಂದ್ಳು. ಜಗಳ ಆಡಿದ್ರ ಎದುರು ಜವಾಬು ಕೊಡ್ತಿದ್ದೆ. ಆಡಲೇ ಇಲ್ಲ. ಉಂಡು ಮಲಗಿದ್ಳು.

ಮರುದಿನ ಮೌಲಾಸಾಬ್‌ನ ಕರಸಿದೆ. "ಒಡಿಯಪ್ಪಾ ಇದನ್ನ."

ಆತ ಕಿವಿ ಮುಟ್ಟಿ ನೋಡಿಕೊಂಡ. "ಆಯಿ, ಎತ್ತರ ಮಾಡು ಅಂತ ಮಂದಿ ದುಂಬಾಲು ಬೀಳ್ತಾರ. ತಗ್ಗು ಮಾಡು ಅಂದಾಕಿ ನೀವೊಬ್ಬಾಕೇ. ಓಣಿ ನೀರೆಲ್ಲಾ ನಿಮ್ಮ ಬಾಗಿಲಿಗೇ ಬರತೈತಿ ಮತ್ತ!"

ಮಾತು ಮುಗಿಯೋ ಹಂಗ ಕಾಣಲಿಲ್ಲ. ನಾನೇ ಆತನ ಕಬ್ಬಿಣದ ಹಾರಿ ಎತ್ತಿ ಹೊಡದೆ. ಸಿಮೆಂಟ್ ಚೂರೂ ಏಳಲಿಲ್ಲ, ನನ್ನ ಕೈಯಾಗಿನ ಬಳಿ ಒಡದ್ವು. ಮೌಲಾಸಾಬ್ ಹಾರಿ ಕಸಗೊಂಡ. "ಗಟ್ಟಿ ಹಾಕಿದವ ನಾನು. ಒಡಿಯೋ ಕರ್ಮನೂ ನಂದೇ. ಸರೀರಿ ಆಯಿ."

ಈ ಸಲ ರೇಣುಕಾನ್ನ ಎದುರಿಗೆ ನಿಲ್ಲಿಸಿಕೊಂಡ. ಇನ್ನಾ ಕೆಳಗ, ಇನ್ನಾ ಉದ್ದ ಅಂತ ಆಕಿ ಹೇಳಿದಂಗ ಇಳಕಲು ಹಾಕಿದ. ಗಾಲಿ ಜಾರಬಾರದಂತ ಹಸಿ ಸಿಮೆಂಟಿನ ಮ್ಯಾಲೆ ಹಗ್ಗ ಒತ್ತಿ ಗೆರಿ ಹೊಡದ. ಮೊನ್ನೆ ಅದು ಒಣಗಿತು. ರೇಣುಕಾ ಒಂದೇ ದಮ್ಮಿಗೆ ಏರಿ ಬಂದು ಬಾಗಿಲಾಗ ನಿಂತು ಹಾರ್ನ್ ಹೊಡದ್ಳು. (ಬಾಗಿಲು ತೆರದೇ ಇತ್ತು. ಹೊಡೀಲಿ ಬಿಡು ಅಂದೆ.)

ಬಸಣ್ಣ ತನ್ನ ಎತ್ತರದಾಗ ನಿಂತು ಕೂಗಿದ: "ಅವ್ವಾರ, ಮಳಿಗಾಲದಾಗ ನೀರು ಸೀದಾ ನಿಮ್ಮ ಪಡಸಾಲಿಗೆ ಬರತೈತಿ ನೋಡ್ರಿ!"

ಬರಲಿ. ಬಂದ್ರ ಬಳದು ಹೊರಗ ಚೆಲ್ತೀನಿ. ನೀರು ಒಳಗ ಬರಬಾರದಂತ ಹೇಳಿ, ಮನಿ ಮಂದಿನೂ ಒಳಗ ಬರದಂಗ ಕಟ್ಟಬೇಕೇನು?