ಮಂಟಪದ ಕಲ್ಲು ಅಳೆಯಲು ಬಂದವನು

ಯಲ್ದೂರು ಹತ್ತಿರದ ನಮ್ಮೂರ ಹಳೇ ಕಲ್ಲುಮಂಟಪದಲ್ಲಿ ಬೆಲ್‌ಬಾಟಮ್ ತೊಟ್ಟವನೊಬ್ಬ ಟೇಪು ಹಿಡಿದು ಕಂಬ ಅಳೆಯುತ್ತಿದ್ದ. ನಿಧಿಗಳ್ಳನೇ ಸರಿ ಎಂದುಕೊಂಡು, ಹುಲ್ಲು ಕೊಯ್ಯುತ್ತಿದ್ದ ನಾನು ಕುಡುಗೋಲು ಸಮೇತ ಹೋಗಿ ಅಡ್ಡ ನಿಂತೆ.

"ಏನಯ್ಯಾ, ಎಲ್ಲಿ ಅಗೀಬೇಕು ಅಂತ ಗುರುತು ಮಾಡ್ಕೊತಿದ್ದೀಯಾ?"

"ಅಗೆಯೋಕಲ್ಲ ಅಜ್ಜಿ. ಹಿಂದೆ ಭೂಮಿ ಎಷ್ಟು ಜೋರಾಗಿ ನಡುಗಿತ್ತು ಅಂತ ಈ ಕಲ್ಲುಗಳು ಜರುಗಿರೋದನ್ನ ನೋಡಿ ಅಂದಾಜು ಮಾಡ್ತೀನಿ. ಎಲ್ಲಾ ಕಂಬದ ಮೇಲಿನ ಕಲ್ಲೂ ಒಂದೇ ಕಡೆಗೆ ಜರುಗಿವೆ ನೋಡಿ. ಇದು ಮನುಷ್ಯರು ಹಾರೆ ಹಾಕಿ ಮೀಟಿದ್ದಲ್ಲ."

ಕುಡುಗೋಲು ಕೆಳಗಿಳಿಸಿದೆ. ನಿಧಿಯಾಸೆಗೆ ಆ ಕಲ್ಲುಗಳನ್ನು ಮೀಟಿದ್ದು ನಮ್ಮ ಮಾವನ ತಾತ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆ ಕಾರಣಕ್ಕೇ ಗುಡಿಗೆ ತಂಬಿಟ್ಟಿನ ದೀಪ ಹೊರುವಾಗ ನಮ್ಮ ಮನೆಯ ಹೆಂಗಸರು ಯಾವಾಗಲೂ ಸಾಲಿನ ಕೊನೆಗೆ. ನಾನೂ ಅದನ್ನೇ ನಂಬಿ, ಮದುವೆಯಾಗಿ ಬಂದಂದಿನಿಂದ ತಲೆ ತಗ್ಗಿಸಿಕೊಂಡೇ ನಡೆದಿದ್ದೆ.

ಅವನು ನಿಜವಾಗಿ ಕಲ್ಲು ಬಲ್ಲವನೋ, ತಪ್ಪಿಸಿಕೊಳ್ಳಲು ಬಾಯಿಗೆ ಬಂದದ್ದು ಹೇಳಿದನೋ, ಇವತ್ತಿಗೂ ನನಗೆ ಅನುಮಾನವೇ. ಆದರೆ ನಮ್ಮ ಪರವಾಗಿ ಸುಳ್ಳು ಹೇಳಲು ನಮ್ಮ ಮನೆಯ ಕತೆ ಅವನಿಗೆ ಗೊತ್ತಿರಲಿಲ್ಲವಲ್ಲ! ಆ ವರ್ಷ ದೀಪ ಹೊತ್ತು ಸಾಲಿನ ಮುಂದೆ ನಿಂತೆ. ಹಿಂದಕ್ಕೆ ಹೋಗು ಎಂದವರಿಗೆ, ನೀವೇ ಹೋಗಿ ಎಂದೆ.