ಸಂತೆಮಾಳದ ನೀರು, ಅಣ್ಣನ ವರ್ಣ

ಹೊಳೆನರಸೀಪುರದ ಅಂಚಿನಲ್ಲಿದ್ದ ಆ ಸಂತೆಮಾಳ ತಗ್ಗಿನ ನೆಲ. ಒಂದು ಹದ ಮಳೆ ಬಿದ್ದರೆ ಸಾಕು, ಸಂತೆಗೆ ಬಂದವರು ಈರುಳ್ಳಿ ಮೂಟೆಯನ್ನು ತಲೆಯ ಮೇಲೆ ಹೊತ್ತು, ಪಂಚೆ ಎತ್ತಿಕಟ್ಟಿ, ನೀರಿನಲ್ಲೇ ವ್ಯಾಪಾರ ಮುಗಿಸುತ್ತಿದ್ದರು. ೧೯೯೯ರಲ್ಲಿ ಅದನ್ನು ಸರಿಪಡಿಸುವ ಕೆಲಸ ಹಾಸನದ ಒಂದು ಸಣ್ಣ ಕಚೇರಿಗೆ ಬಂತು. ಬೇರೆ ಯಾರಿಗೂ ಬೇಡವಾದ್ದರಿಂದ ಅದು ಹೊಸದಾಗಿ ಸೇರಿದ್ದ ರಂಜನಿಯ ಪಾಲಾಯಿತು.

ರಂಜನಿ ಓದಿದ್ದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್. ನೆಲದ ಏರುತಗ್ಗು, ನೀರು, ಮರ, ನೆರಳು, ಇವನ್ನೆಲ್ಲ ಜನರ ಓಡಾಟಕ್ಕೆ ಒಗ್ಗುವಂತೆ ರೂಪಿಸುವ ವಿದ್ಯೆ. ಅರಕಲಗೂಡಿನ ಅವಳ ಬೀದಿಯಲ್ಲಿ ಯಾರಾದರೂ "ಮಗಳು ತೋಟಗಾರಿಕೆ ಇಲಾಖೇಲಾ?" ಎಂದು ಕೇಳಿದರೆ ತಾಯಿ ಸುಂದರಮ್ಮ, "ಹೂಂ, ಹಾಗೇ ಏನೋ. ಸರ್ಕಾರದ್ದಲ್ಲವಂತೆ" ಎಂದು ಒಲೆಯ ಕಡೆ ತಿರುಗುತ್ತಿದ್ದರು.

ತಂದೆ ವರದರಾಜ ಹೈಸ್ಕೂಲಿನಲ್ಲಿ ಸಂಗೀತದ ಮೇಷ್ಟರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಮಗಳೂ ಸೇರಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ಮೂಲ ರುದ್ರಪಟ್ಟಣ. ಅವರ ತಾತ ಕಟ್ಟಿದ ಸಾವೇರಿ ರಾಗದ ಒಂದು ವರ್ಣ ಆ ವಂಶದ ಆಸ್ತಿ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದರೆ ಕಿವಿ ಸೋಮಾರಿಯಾಗುತ್ತದೆ ಎಂದು ಅವರ ನಂಬಿಕೆ. ಎದುರು ಕೂರಿಸಿಕೊಂಡು ಒಂದು ಸಾಲು ಹೇಳಿಕೊಡುವುದು, ಅದು ಬಾಯಲ್ಲಿ ಹಣ್ಣಾದ ಮೇಲೆ ಮುಂದಿನದು. ಶಾಲೆಯ ಮಕ್ಕಳಿಗೆ ಗೀತೆ, ದೇವರನಾಮ ಧಾರಾಳವಾಗಿ ಕಲಿಸಿದ ಅಣ್ಣ ವರ್ಣವನ್ನು ಮಗಳಿಗಲ್ಲದೆ ಯಾರಿಗೂ ಕೊಟ್ಟಿರಲಿಲ್ಲ. ಓದು ಮುಗಿಸಿ ಅವಳು ಮನೆಗೆ ಮರಳುವ ಹೊತ್ತಿಗೆ ಮೊದಲರ್ಧ ಗಟ್ಟಿಯಾಗಿತ್ತು. ಚರಣ ಮತ್ತು ಅದರ ಬೆನ್ನಿಗೆ ಬರುವ ಸ್ವರಗಳು ಉಳಿದಿದ್ದವು.

ಪಾಠ ನಡೆಯುತ್ತಿದ್ದದ್ದು ಬೆಳಗಿನ ಹೊತ್ತು. ಹೊಳೆನರಸೀಪುರದ ಮೊದಲ ಬಸ್ಸು ಹೊರಡುವುದೂ ಅದೇ ಹೊತ್ತಿಗೆ.

ಮಾಳದಲ್ಲಿ ಅವಳನ್ನು ಯಾರೂ ನಂಬಲಿಲ್ಲ. ಸಂತೆ ಸಮಿತಿಯ ಪಾಲಾಕ್ಷ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, "ಕಾರಂಜಿ ಎಲ್ಲವ್ವಾ? ಬ್ಯಾರೆ ಊರ್ನಾಗೆ ಕಲರ್ ಲೈಟೆಲ್ಲಾ ಆಕವ್ರೆ" ಎಂದ.

"ಕಾರಂಜಿ ಇಲ್ಲ ಸಾರ್. ನೀರು ಹೋಗೋದಕ್ಕೆ ದಾರಿ ಇದೆ."

"ನೀರ್ ಓಗಕ್ಕೆ ದಾರಿ ಮಾಡಕ್ಕೆ ಇಷ್ಟ್ ಓದ್ಬೇಕಾ? ನಮ್ಮ ಎಮ್ಮೆನೂ ಮಾಡ್ತದೆ ಕಣವ್ವಾ."

ಗುದ್ದಲಿ ಹಿಡಿದು ನಿಂತಿದ್ದ ಕೂಲಿಯಾಳು ಬೆಟ್ಟಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕಳು. "ನಿಮ್ಮ ಎಮ್ಮೆನೇ ಕರ್ಕಂಬನ್ನಿ ಸಾ ಮತ್ತೆ. ನಮ್ಗೂ ಕೆಲ್ಸ ಅಗುರಾಯ್ತದೆ."

ರಂಜನಿ ನೆಲವನ್ನು ಎತ್ತರಿಸಲಿಲ್ಲ. ಅಂಗಡಿಯವರು ಕೂರುವ ಸಾಲುಗಳ ನಡುವೆ, ನಡೆಯುವವರಿಗೆ ಗೊತ್ತೇ ಆಗದಷ್ಟು ಆಳವಿಲ್ಲದ ಹುಲ್ಲಿನ ಕಾಲುವೆ. ಅದು ಬಳಸಿ ಬಳಸಿ ಹೋಗಿ ಮೂಲೆಯ ಹೊಂಡ ಸೇರುತ್ತದೆ. ಹೊಂಡದ ಸುತ್ತ ಹೊಂಗೆ, ಹಿಪ್ಪೆ, ನೇರಳೆ. ಮೂಟೆ ಇಳಿಸಲು, ಬೆನ್ನು ಒರಗಿಸಲು ಸೊಂಟದೆತ್ತರದ ಚಪ್ಪಡಿ ಕಲ್ಲು. ಕೇಳಲು ಇಷ್ಟೇ. ಆದರೆ ಒಂದು ಬೆರಳಷ್ಟು ಹೆಚ್ಚುಕಡಿಮೆಯಾದರೂ ನೀರು ತನ್ನ ಹಳೆಯ ಜಾಗಕ್ಕೇ ಬಂದು ಕೂರುತ್ತದೆ. ಮೇಸ್ತ್ರಿ ಚನ್ನಪ್ಪ ಬಿಸಿಲೇರುವ ಮೊದಲೇ ಮಟ್ಟ ನೋಡುವ ದಾರ ಕಟ್ಟಿಸುತ್ತಿದ್ದ; ಪ್ರತಿಯೊಂದು ದಾರಕ್ಕೂ ಅವಳು ಅಲ್ಲಿರಬೇಕಿತ್ತು.

ಪಾಠ ತಪ್ಪತೊಡಗಿತು. ಅವಳು ತಡವರಿಸುತ್ತ ನಿಂತರೆ ಅಣ್ಣನೇ ತಂಬೂರಿಗೆ ಗವಸು ಹಾಕಿ, "ಹೊರಡಮ್ಮ, ಬಸ್ಸು ತಪ್ಪತ್ತೆ" ಎನ್ನುತ್ತಿದ್ದರು.

ಆ ವರ್ಷದ ಮೊದಲ ದೊಡ್ಡ ಮಳೆ ಸಂತೆಯ ದಿನವೇ ಬಂತು. ರಂಜನಿ ಕೊಡೆಯನ್ನೂ ಬಿಚ್ಚದೆ ಹೊಂಡದ ಬಳಿ ನಿಂತಳು. ಮಾಳದ ಮೇಲಿನ ಕಡೆಯಿಂದ ಕೆಂಪು ನೀರು ಬಂತು, ಹಳೆಯ ತಗ್ಗಿನ ಬಳಿ ಒಂದು ಗಳಿಗೆ ಅನುಮಾನಿಸಿದಂತೆ ನಿಂತಿತು, ಆಮೇಲೆ ಅವಳು ಕಾಗದದ ಮೇಲೆ ಎಳೆದಿದ್ದ ಬಾಗನ್ನು ಹಿಡಿದು ಸಾಲುಗಳ ನಡುವೆ ನಡೆಯಿತು.

"ನೋಡ್ ಚನ್ನಪ್ಪಣ್ಣ," ಬೆಟ್ಟಮ್ಮ ಕೂಗಿದಳು, "ಏಳ್ದಂಗೆ ಓಗ್ತಾ ಅದೆ!"

ಈರುಳ್ಳಿಯವಳು ಮೂಟೆ ಎತ್ತಲಿಲ್ಲ. ಪಕ್ಕದಲ್ಲೇ ಹರಿಯುತ್ತಿದ್ದ ನೀರನ್ನು ನೋಡಲೂ ಇಲ್ಲ, ಗೋಣಿಯನ್ನು ತಲೆಗೆ ಹಾಕಿಕೊಂಡು ತೂಗುವುದನ್ನು ಮುಂದುವರಿಸಿದಳು. ಸಂತೆಯವರು ಯಾರೂ ಗಮನಿಸದೆ ಹೋದದ್ದೇ ರಂಜನಿಯ ಎದೆ ತುಂಬಿಸಿತು. ಆ ಸಂಜೆ ತೊಯ್ದು ತೊಪ್ಪೆಯಾಗಿ ಮನೆಗೆ ಬಂದವಳು ಹೊಸಿಲಲ್ಲೇ ನಿಂತು, "ಅಣ್ಣ, ನನ್ನ ಕೆಲಸ ಯಾವುದು ಅಂತ ನನಗೆ ಗೊತ್ತಾಯ್ತು" ಎಂದಳು.

"ನನಗೆ ಗೊತ್ತಾಗೋದಕ್ಕೆ ತಲೆ ನರೆಯಬೇಕಾಯ್ತು. ನಿನಗೆ ಬೇಗ ಸಿಕ್ಕಿದೆ. ಮೊದಲು ಆ ತಲೆ ಒರೆಸ್ಕೋ."

ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ದಸರಾ ಕಳೆದ ಮೇಲೆ ಒಂದು ಭಾನುವಾರ ಅಣ್ಣ ಎದುರುಮನೆಯ ಗೌರೀಶಂಕರನ ಟೇಪ್ ರೆಕಾರ್ಡರನ್ನು ಕೇಳಿ ತಂದು ನಡುಮನೆಯ ಚಾಪೆಯ ಮೇಲಿಟ್ಟರು. "ಇದರಲ್ಲಿ ಹಾಡಿಬಿಡ್ತೀನಿ ಕಣೇ, ಚರಣ, ಸ್ವರ ಎಲ್ಲಾ. ಬಸ್ಸಲ್ಲಿ ಕೇಳ್ಕೋತಾ ಹೋಗು."

ಅವರು ಜನಿವಾರ ಬಿಚ್ಚಿಟ್ಟಿದ್ದರೂ ಅವಳಿಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. "ಏನಣ್ಣ, ನಿಮ್ಮ ಬಾಯಲ್ಲಿ ಈ ಮಾತು! ಮನೆಗೊಂದು ಮರ್ಯಾದೆ ಇದೆ. ಗಿಡ ನೆಡೋದು ಮುಗೀಲಿ, ಸಂಕ್ರಾಂತಿ ಆಗ್ತಿದ್ದ ಹಾಗೆ ದಿನಾ ಎದುರಿಗೆ ಕೂತೇ ಕಲಿತೀನಿ."

"ಮರ್ಯಾದೆ ಮನೇದು, ಗಂಟಲು ನಂದು" ಎಂದು ಅಣ್ಣ ನಕ್ಕರು.  ಆಮೇಲೆ ರೆಕಾರ್ಡರಿನ ವೈರು ಸುತ್ತಿ, ಊಟಕ್ಕೆ ಮುಂಚೆಯೇ ಹೋಗಿ ಹಿಂದಕ್ಕೆ ಕೊಟ್ಟು ಬಂದರು. ಮಗಳ ನಿಷ್ಠೆಗೆ ಅವರು ಹೆಮ್ಮೆಪಟ್ಟರೆಂದು ರಂಜನಿ ಅಂದುಕೊಂಡಳು. ಇರಲೂಬಹುದು. ಬೇರೆ ಏನನ್ನಾದರೂ ನುಂಗಿಕೊಂಡಿದ್ದರೋ ಏನೋ, ಅದು ಆಮೇಲೆ ಕೇಳುವಂತಿರಲಿಲ್ಲ.

ಸಂಕ್ರಾಂತಿಗೆ ಸುಂದರಮ್ಮ ಕೊಬ್ಬರಿ ಹೆಚ್ಚಿ ಒಣಗಲು ಹಾಕಿದ್ದ ವಾರ ಅಣ್ಣ ಬಚ್ಚಲಲ್ಲಿ ಕುಸಿದರು. ಲಕ್ವ. ಬಲಗಡೆ ಪೂರ್ತಿ ಹೋಯಿತು, ಜೊತೆಗೆ ಮಾತು. ಹಾಸನದ ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಆದರೆ ಗಂಟಲಿನಿಂದ ಒಂದೇ ದಪ್ಪ ಸದ್ದು ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಎಡಗೈಗೆ ಪೆನ್ನು ಕೊಟ್ಟರೆ ಒಂದು ಅಕ್ಷರವೂ ಮೂಡುತ್ತಿರಲಿಲ್ಲ.

ಚರಣವನ್ನು ಹುಡುಕಿಕೊಂಡು ರಂಜನಿ ರುದ್ರಪಟ್ಟಣಕ್ಕೆ ಹೋದಳು. ದಾಯಾದಿಗಳಲ್ಲಿ ಹಾಡು ಬಲ್ಲವರು ಉಳಿದಿದ್ದದ್ದು ಚಿಕ್ಕಪ್ಪನ ವರಸೆಯ ಮುರಳೀಕೃಷ್ಣ ಒಬ್ಬರೇ. ಅವರು ಕಾಫಿ ಲೋಟ ಕೆಳಗಿಟ್ಟರು. "ಪಲ್ಲವಿ ಬರತ್ತಮ್ಮ. ಚರಣ... ವರದಣ್ಣನ ಹತ್ತಿರ ಇದೆಯಲ್ಲ, ಇನ್ನು ನಮಗೇನು ಚಿಂತೆ ಅಂತ ಎಲ್ಲರೂ ಇದ್ದುಬಿಟ್ವಿ."

ಮುಂದೆ ಅವಳಿಗೆ ಕೆಲಸ ಹೇರಳವಾಗಿ ಬಂತು. ಚನ್ನರಾಯಪಟ್ಟಣದಲ್ಲೊಂದು ಶಾಲೆಯ ಬಯಲು, ಹಿರೀಸಾವೆಯ ಹೆದ್ದಾರಿ ಹೋಟೆಲೊಂದರ ಮುಂದಿನ ನೆರಳು, ದುದ್ದದಲ್ಲಿ ಹಾಲು ಹಾಕಲು ಬರುವವರು ನಿಲ್ಲುವ ಅಂಗಳ. ಯಾವುದನ್ನೂ ಅವಳು ಬೇಸರದಿಂದ ಮಾಡಲಿಲ್ಲ. ಆ ಮಳೆಯ ದಿನದ ನೀರು ಒಳಗೆ ಹರಿಯುತ್ತಲೇ ಇತ್ತು. ಆ ವರ್ಷವನ್ನು ಹಿಂದಕ್ಕೆ ಕೊಟ್ಟರೆ ಚರಣ ಸಿಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಕೊಡುತ್ತೇನೆ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅವಳನ್ನು ಸುಟ್ಟದ್ದು ಅದೇ. ಕೆಲಸವನ್ನು ದ್ವೇಷಿಸುವುದು ಸಾಧ್ಯವಾಗಿದ್ದರೆ ದುಃಖಕ್ಕೆ ಒಂದು ಒರಗುವ ಗೋಡೆಯಾದರೂ ಇರುತ್ತಿತ್ತು.

ಕಾಯಿಲೆ ಬಿದ್ದ ಮೇಲೂ ಅಣ್ಣ ಕೆಲವು ವರ್ಷ ಬದುಕಿದ್ದರು. ಅಷ್ಟು ಕಾಲವೂ ರಂಜನಿ ಬೆಳಗಿನ ಹೊತ್ತು ಅವರ ಎದುರು ಕೂತು ಮೊದಲರ್ಧವನ್ನು ಹಾಡಿದಳು. ಅವರು ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಅವಳ ಹಾಡು ಮುಗಿದ ಮೇಲೂ ಕೈ ನಿಲ್ಲುತ್ತಿರಲಿಲ್ಲ. ತಾಳದ ಒಂದು ಜಾಗದಲ್ಲಿ ಅವರ ಹುಬ್ಬು ಮೇಲೇರುತ್ತಿತ್ತು. ಚರಣ ಅಲ್ಲಿ ಮೇಲಿನ ಸ್ವರಗಳಿಗೆ ಹೋಗುತ್ತಿರಬೇಕು ಎಂದು ಅವಳು ಊಹಿಸುತ್ತಿದ್ದಳು.

ಒಂದು ದಿನ ತಡೆಯಲಾರದೆ ಆ ಜಾಗಕ್ಕೆ ತಾನೇ ಒಂದು ಸಾಲು ಕಟ್ಟಿ ಹಾಡಿದಳು. ಕೈ ನಿಂತಿತು.

ಅಡುಗೆಮನೆಯಿಂದ ಸುಂದರಮ್ಮ, "ಅದಲ್ಲ ಕಣೇ" ಎಂದರು.

"ಮತ್ತೆ ಯಾವುದಮ್ಮ? ಮದುವೆಯಾಗಿ ಬಂದಾಗಿನಿಂದ ಕೇಳಿದ್ದೀಯ. ಒಂದು ಎಳೆ ಹೇಳು."

"ಹೇಳಕ್ಕೆ ಬಂದಿದ್ರೆ ಇಷ್ಟು ದಿನ ಸುಮ್ಮನಿರ್ತಿದ್ನೇ? ತಪ್ಪು ಹಾಡಿದ್ರೆ ಗೊತ್ತಾಗತ್ತೆ. ಸರಿ ಯಾವುದು ಅಂದ್ರೆ ಬಾಯಿಗೆ ಬರಲ್ಲ" ಎನ್ನುತ್ತ ಅವರು ಕೈ ಒರೆಸಿಕೊಂಡು ಬಂದು ಬಾಗಿಲ ಬಳಿ ಕೂತರು.

ಮೊದಲಿನಿಂದ ಎಂದು ಅಣ್ಣ ಸನ್ನೆ ಮಾಡಿದರು. ರಂಜನಿ ಮತ್ತೆ ತಾನು ಬಲ್ಲಷ್ಟನ್ನು ಹಾಡಿ ನಿಲ್ಲಿಸಿದಳು. ಎಡಗೈ ಮುಂದುವರಿಯಿತು. ಬಾಗಿಲ ಬಳಿ ಸುಂದರಮ್ಮನ ತಲೆ ಸಣ್ಣಗೆ ತೂಗತೊಡಗಿತು. ಇಬ್ಬರ ಹುಬ್ಬುಗಳೂ ಒಂದೇ ಜಾಗದಲ್ಲಿ ಮೇಲೇರಿದವು. ಅವರಿಗೆ ಕೇಳುತ್ತಿದ್ದದ್ದು ಮುಗಿಯುವ ತನಕ ರಂಜನಿ ಒಮ್ಮೆ ಆ ಮುಖವನ್ನು, ಒಮ್ಮೆ ಈ ಮುಖವನ್ನು ನೋಡುತ್ತ ಕೂತಿದ್ದಳು.